ಹನ್ನೆರಡನೆಯವಳು

ಧೋರಾಗಢ ಮರುಭೂಮಿ ಉದ್ಯಾನ,
ಜೈಸಲ್ಮೇರ್ ಜಿಲ್ಲೆ
2 ಫೆಬ್ರವರಿ 2025

ಇಂದಿರಾ ಅಕ್ಕನವರಿಗೆ, ದೇವೇಂದ್ರಪ್ಪನ ನಮಸ್ಕಾರ.

ನಿಮ್ಮ ಬಲಗಾಲು ನೆಲಕ್ಕೆ ಊರುವಂತಾಯಿತೇ? ಅಂದು ಸ್ಟ್ರೆಚರಿನಲ್ಲಿ ಮಲಗಿಸಿ ಜೀಪಿಗೆ ಹತ್ತಿಸುವಾಗ ಪಾದ ಕುಂಬಳಕಾಯಿಯಂತೆ ಊದಿತ್ತು. ಆಮೇಲೆ ಏನಾಯಿತೆಂದು ಯಾರೂ ನನಗೆ ಹೇಳಲಿಲ್ಲ.

ನನ್ನನ್ನು ಮರೆತಿರಲಾರಿರಿ. ಡಿಸೆಂಬರ್ ಇಪ್ಪತ್ತೊಂಬತ್ತರ ಭಾನುವಾರ ಗುಹೆಯೊಳಗೆ ನಿಮ್ಮ ಜೊತೆ ಆರೂವರೆ ತಾಸು ಕೂತಿದ್ದ ಗೈಡ್ ನಾನು. ಈ ಮರಳಿನ ನಾಡಿಗೆ ಬಂದು ಏಳು ವರ್ಷವಾಯಿತು. ಇಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು. ಕಲ್ಲು ಜಾರಿದಾಗ ನೀವು "ಅಯ್ಯೋ ಶಿವನೇ" ಎಂದಿರಿ. "ಯಾವೂರ್ರಿ ಅಕ್ಕಾರ?" ಎಂದು ಕೇಳಿದರೆ ಅಷ್ಟು ನೋವಿನಲ್ಲೂ "ಹಿರಿಯೂರು" ಎಂದು ಹೇಳಿದಿರಿ. ನಾನು ರಾಯಚೂರು ಕಡೆಯವನು, ಇಪ್ಪತ್ತಾರು ವರ್ಷ ಚಿನ್ನದ ಗಣಿಯಲ್ಲಿ ಇಳಿದು ಹತ್ತಿದವನು ಎಂದು ಆಗ ಹೇಳಿದ್ದೆ.

ಈಗ ಬರೆಯುವ ಕಾರಣ ಬೇರೆ. ಹೋದ ವಾರ ನಮ್ಮ ಉದ್ಯಾನದ ಕಚೇರಿಗೆ ದೆಹಲಿಯಿಂದ ಒಂದು ದೂರು ಬಂದಿದೆ. ನಾಲ್ಕು ಪುಟ, ಇಂಗ್ಲಿಷಿನಲ್ಲಿ. ಗುಮಾಸ್ತರು ಹಿಂದಿಯಲ್ಲಿ ಓದಿ ಹೇಳಿದರು. ಮುಚ್ಚಿದ ದಾರಿಗೆ ಗೈಡ್ ಅಡ್ಡ ಹಗ್ಗ ಕಟ್ಟಿರಲಿಲ್ಲ, ದೀಪ ಆರಿಸಿ ಬಹಳ ಹೊತ್ತು ಬಿಟ್ಟ, ಜನರನ್ನು ಎಣಿಸಲಿಲ್ಲ ಎಂದು ಅದರಲ್ಲಿದೆ. ಇಂಗ್ಲಿಷಿನ ಕೆಳಗೆ ಸಹಿ ಮಾತ್ರ ಕನ್ನಡದಲ್ಲಿದೆ: ಇಂದಿರಾ.

ನನ್ನನ್ನು ಗುಹೆಯ ಕೆಲಸದಿಂದ ತೆಗೆದು ಡೇರೆಗಳ ಕಡೆ ಹಾಕಿದ್ದಾರೆ. ಬೆಳಗ್ಗೆ ಗೂಟ ಹೊಡೆಯುತ್ತೇನೆ, ಸಂಜೆ ಪ್ರವಾಸಿಗರಿಗೆ ನೀರು ಹೊರುತ್ತೇನೆ. ಅದಕ್ಕೆ ಬೇಸರವಿಲ್ಲ.

ಆ ಸಹಿ ನಿಮ್ಮದೇ ಹೌದೋ ಅಲ್ಲವೋ, ಅಷ್ಟು ತಿಳಿಸಿ. ದೂರಿನ ಮೇಲಿದ್ದ ವಿಳಾಸಕ್ಕೇ ಬರೆದಿದ್ದೇನೆ.

ನಿಮ್ಮ ಉತ್ತರದ ದಾರಿ ನೋಡುವ,
ದೇವೇಂದ್ರಪ್ಪ


ಸರೋಜಿನಿ ನಗರ, ಹೊಸದಿಲ್ಲಿ
19 ಫೆಬ್ರವರಿ 2025

ದೇವೇಂದ್ರಪ್ಪನವರಿಗೆ ನಮಸ್ಕಾರಗಳು.

ಸಹಿ ನನ್ನದೇ.

ಕಾಲು ವಾಸಿಯಾಗುತ್ತಿದೆ. ಪ್ಲಾಸ್ಟರ್ ತೆಗೆದಿದ್ದಾರೆ. ಮನೆಯೊಳಗೆ ಓಡಾಡುತ್ತೇನೆ. ನಿಮ್ಮ ಎಡಗೈಯ ಎರಡು ಬೆರಳು ಹೇಗಿವೆ? ನನ್ನ ಪಾದದ ಮೇಲಿನ ಕಲ್ಲನ್ನು ಎತ್ತುವಾಗ ಜಜ್ಜಿಹೋಗಿದ್ದವು. ನಿಮ್ಮ ಕಾಗದದಲ್ಲಿ ಅದರ ಸುದ್ದಿಯೇ ಇಲ್ಲ.

ದಯವಿಟ್ಟು ಇನ್ನು ಮುಂದೆ ಈ ವಿಳಾಸಕ್ಕೆ ನನ್ನ ಹೆಸರಿಗೆ ಬರೆಯಬೇಡಿ. ಪೋಸ್ಟ್‌ಮ್ಯಾನ್ ಕಬ್ಬಿಣದ ಸರಳಿನ ಜಾಲಿ ಬಾಗಿಲಿನ ಸಂದಿಯಿಂದ ನನ್ನ ಕೈಗೇ ಕೊಟ್ಟದ್ದು ಪುಣ್ಯ. ಎದುರು ಮನೆಯಲ್ಲಿ ಗಿರಿಜಮ್ಮ ಎಂದು ಇದ್ದಾರೆ, ಮೈಸೂರಿನವರು, ಮಗನ ಜೊತೆ ಇರುತ್ತಾರೆ. ಅವರ ಹೆಸರಿಗೆ ಬರೆಯಿರಿ. ಫೋನ್ ಮಾಡಬೇಡಿ. ನನ್ನ ಫೋನಿಗೆ ಬಂದ ಕರೆಗಳೆಲ್ಲ ನಮ್ಮ ಯಜಮಾನರ ಫೋನಿನಲ್ಲೂ ಕಾಣುತ್ತವೆ.

ಜಾಲಿಗೆ ಹೊರಗಿನಿಂದ ಬೀಗವಿದೆ ಎಂದ ಕೂಡಲೇ ಏನೇನೋ ಅಂದುಕೊಳ್ಳಬೇಡಿ. ಜನವರಿಯಲ್ಲಿ ಒಂದು ದಿನ ನಾನು ಫೋನ್ ಮನೆಯಲ್ಲೇ ಬಿಟ್ಟು, ಕುಂಟುತ್ತ ಮಾರ್ಕೆಟ್ ದಾಟಿ ಮೆಟ್ರೊ ಸ್ಟೇಷನ್ನಿಗೆ ಹೋಗಿ, ಒಂದು ಬೆಂಚಿನ ಮೇಲೆ ನಾಲ್ಕು ಗಂಟೆ ಕೂತುಬಿಟ್ಟಿದ್ದೆ. ನಮ್ಮವರು ಪೊಲೀಸರನ್ನು ಕರೆದುಕೊಂಡು ಹುಡುಕಿದರು. ಸಿಕ್ಕಾಗ ಕೈ ಹಿಡಿದೇ ಮನೆಗೆ ಕರೆತಂದರು. ಅದಾದ ಮೇಲೆ ಆಫೀಸಿಗೆ ಹೋಗುವಾಗ ಬೀಗ ಹಾಕಿಕೊಂಡು ಹೋಗುತ್ತಾರೆ. ಊಟ ಬಿಸಿಡಬ್ಬಿಯಲ್ಲಿ ಇಟ್ಟಿರುತ್ತಾರೆ. ಹನ್ನೊಂದಕ್ಕೂ ಮೂರಕ್ಕೂ ಫೋನ್ ಮಾಡಿ "ಮಾತ್ರೆ ತಗೊಂಡ್ಯಾ?" ಎಂದು ಕೇಳುತ್ತಾರೆ. ನನ್ನ ಆಫೀಸಿಗೆ ಮೆಡಿಕಲ್ ರಜೆಯ ಅರ್ಜಿಯನ್ನೂ ಅವರೇ ಕೊಟ್ಟಿದ್ದಾರೆ.

ನಿಮಗೆ ಆಗಿರುವ ತೊಂದರೆಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ.

ಇಂದಿರಾ


ಧೋರಾಗಢ
6 ಮಾರ್ಚ್ 2025

ಇಂದಿರಾ ಅಕ್ಕನವರಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಸಹಿ ನನ್ನದೇ ಎಂಬುದರ ಮುಂದೆ ಇನ್ನೊಂದು ಸಾಲು ಇರುತ್ತದೆ ಎಂದು ಹುಡುಕಿದೆ.

ಬೆರಳಿನ ಚಿಂತೆ ಬಿಡಿ. ಒಂದು ಮಡಚುತ್ತದೆ, ಒಂದು ಮಡಚುವುದಿಲ್ಲ.

ನೀವು ಮರೆತಿದ್ದರೆ ಅಂದಿನದು ನಾನೇ ಹೇಳುತ್ತೇನೆ. ಹನ್ನೊಂದು ಗಂಟೆಯ ತಂಡ. ಗುಹೆಯ ಬಾಯಲ್ಲಿ ಎಣಿಸಿದೆ, ಹನ್ನೆರಡು ಜನ. ನೀವು, ನಿಮ್ಮ ಯಜಮಾನರು, ಗುರುಗ್ರಾಮದ ಒಂದು ಕಂಪನಿಯ ಹತ್ತು ಮಂದಿ. ಗುಹೆಯ ಎರಡನೆಯ ಅಂಕಣದಲ್ಲಿ ಮತ್ತೆ ಎಣಿಸಿದೆ, ಹನ್ನೆರಡು. ದೊಡ್ಡ ಅಂಕಣ ತಲುಪಿದ ಮೇಲೆ ಎಂದಿನಂತೆ ಎಲ್ಲರಿಗೂ ಹೆಲ್ಮೆಟ್ ದೀಪ ಆರಿಸಲು ಹೇಳಿದೆ. ಭೂಮಿಯೊಳಗಿನ ಕತ್ತಲೆ ಎಂದರೇನೆಂದು ತೋರಿಸಲು ಒಂದು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ದೀಪ ಹಚ್ಚಿ ಎಣಿಸಿದರೆ ಹನ್ನೊಂದು. ನಿಮ್ಮ ಯಜಮಾನರು "ಇಂದೂ, ಇಂದೂ" ಎಂದು ಕೂಗುವುದಕ್ಕೆ ಮೊದಲೇ ನನಗೆ ಗೊತ್ತಾಗಿತ್ತು. ಉಳಿದವರನ್ನು ನಮ್ಮ ಹಿಂದೆ ಬಂದ ತಂಡದ ಗೈಡ್ ಜೊತೆ ಹೊರಗೆ ಕಳಿಸಿ, ಹಗ್ಗ ದಾಟಿ ಆ ತಗ್ಗು ಸಂದಿಯಲ್ಲಿ ತೆವಳಿಕೊಂಡು ನಿಮ್ಮ ಹಿಂದೆ ಬಂದೆ. ನಿಮ್ಮ ಕಾಲು ನನ್ನ ದೀಪಕ್ಕೆ ಕಾಣಿಸಿತು. ಅಷ್ಟರಲ್ಲಿ ಮೇಲಿನ ಸಡಿಲ ಕಲ್ಲು ಜಾರಿ ನಮ್ಮ ಹಿಂದಿನ ದಾರಿ ಮುಚ್ಚಿತು.

ನಾನು ಹಗ್ಗ ದಾಟಿ ಬಂದೆ, ಅಕ್ಕನವರೇ. ಹಗ್ಗ ಇತ್ತು.

ವಿಚಾರಣೆ ಏಪ್ರಿಲ್ ಇಪ್ಪತ್ತೆಂಟಕ್ಕೆ. ನೀವು ಒಂದು ಸಾಲು ಬರೆದು ಕಳಿಸಿ: ಹಗ್ಗ ಕಟ್ಟಿತ್ತು. ಅಷ್ಟೇ ಸಾಕು. ಗಣಿಯಲ್ಲಿ ಒಂದು ಪಾಳಿಯಲ್ಲಿ ನಲವತ್ತು ಜನರನ್ನು ಇಳಿಸಿ ನಲವತ್ತೂ ಜನರನ್ನು ಮೇಲಕ್ಕೆ ತಂದವನು ನಾನು. ಇಲ್ಲಿ ಊಟಕ್ಕೆ ಕೂತರೆ ಹುಡುಗರು "ಎಣಿಕೆ ಮರೆತ ಅಜ್ಜ" ಎಂದು ಹಾಸ್ಯ ಮಾಡುತ್ತಾರೆ. ಕೆಲಸ ಹೋದರೆ ಹೋಗಲಿ. ಆ ಹೆಸರು ಹೊತ್ತುಕೊಂಡು ಊರಿಗೆ ಹೋಗಲಾರೆ.

ಒಳಗೆ ಕೂತಾಗ ನೀವು ಹೇಳಿದ ಮನೆಯ ಮಾತುಗಳು ನನ್ನಲ್ಲೇ ಇರುತ್ತವೆ. ಅದರ ಭಯ ಬೇಡ.

ದೇವೇಂದ್ರಪ್ಪ


ಸರೋಜಿನಿ ನಗರ
27 ಮಾರ್ಚ್ 2025

ದೇವೇಂದ್ರಪ್ಪನವರಿಗೆ,

ಇದು ನಾಲ್ಕನೆಯ ಕಾಗದ. ಮೊದಲ ಮೂರನ್ನು ಹರಿದು ಗಿರಿಜಮ್ಮನವರ ಕಸದ ಚೀಲಕ್ಕೆ ಹಾಕಿಸಿದೆ.

ಹಗ್ಗ ಕಟ್ಟಿತ್ತು ಎಂದು ನಾನು ಬರೆದರೆ ಯಾರಾದರೂ ಕೇಳುವ ಮುಂದಿನ ಪ್ರಶ್ನೆ ಯಾವುದೆಂದು ನಿಮಗೂ ಗೊತ್ತು. ಹಾಗಾದರೆ ನೀವು ಆಚೆ ಹೇಗೆ ಹೋದಿರಿ? ಅದಕ್ಕೆ ಉತ್ತರ ಹೇಳಿ ನಾನು ಈ ಮನೆಯಲ್ಲಿ ಬದುಕುವುದು ಹೇಗೆ?

ನಮ್ಮವರ ಬಗ್ಗೆ ನೀವು ಕೆಟ್ಟದಾಗಿ ತಿಳಿಯಬಾರದು. ರಘುನಂದನ್ ಎಂದರೆ ಅವರ ಮಿನಿಸ್ಟ್ರಿಯಲ್ಲಿ ಎಲ್ಲರಿಗೂ ಗೌರವ. ಕುಡಿತವಿಲ್ಲ, ಕೈ ಎತ್ತಿದವರಲ್ಲ. ಇಪ್ಪತ್ತಮೂರು ವರ್ಷದಿಂದ ಬೆಳಗ್ಗೆ ನನ್ನನ್ನು ಆರ್.ಕೆ. ಪುರಂನ ನನ್ನ ಆಫೀಸಿನ ಗೇಟಿಗೆ ಬಿಡುತ್ತಾರೆ, ಸಂಜೆ ಅದೇ ಗೇಟಿನಿಂದ ಕರೆತರುತ್ತಾರೆ. ಸಹೋದ್ಯೋಗಿಗಳು "ನಸೀಬ್ ವಾಲಿ", ಅದೃಷ್ಟವಂತೆ, ಎನ್ನುತ್ತಾರೆ. ಅವರು ಅರ್ಧ ಗಂಟೆ ತಡವಾದರೆ ನಾನು ಗೇಟಿನಲ್ಲೇ ನಿಂತಿರುತ್ತೇನೆ. ಎದುರಿನ ಚಹಾ ಅಂಗಡಿಗೂ ಹೋಗುವುದಿಲ್ಲ. ಹೋದರೆ ಫೋನ್ ಬರುತ್ತದೆ: "ಎಲ್ಲಿಗೆ ಹೊರಟೆ?" ನನ್ನ ಫೋನು ಎಲ್ಲಿದೆಯೋ ಅಲ್ಲಿ ಅವರ ಫೋನಿನ ನಕಾಶೆಯಲ್ಲಿ ಒಂದು ನೀಲಿ ಚುಕ್ಕೆ ಕಾಣುತ್ತದೆ. ಆರು ವರ್ಷದಿಂದ ನಾನು ಆ ಚುಕ್ಕೆ.

ಮಗಳು ಹರಿಣಿ ಮುನಿರ್ಕಾದಲ್ಲಿ ರೂಮ್ ಮಾಡಿಕೊಂಡು ಎಂ.ಎ. ಓದುತ್ತಾಳೆ. ಭಾನುವಾರ ಊಟಕ್ಕೆ ಬರುತ್ತಾಳೆ. ಹೋದ ವಾರ ಅಡುಗೆಮನೆಯಲ್ಲಿ ಅವಳಿಗೆ ಮೆಲ್ಲಗೆ, "ಆ ದೂರಿನಲ್ಲಿರೋದು ನಿಜ ಅಲ್ಲ ಕಣೇ" ಎಂದೆ.

"ಅಮ್ಮಾ, ಪಾಪಾ ತುಂಬಾ ಟೆನ್ಷನ್ ತಗೊಂಡಿದ್ದಾರೆ. ಅಬ್ ಛೋಡೋ ನಾ, ಬಿಟ್ಟುಬಿಡು. ನೀನು ರೆಸ್ಟ್ ಮಾಡು."

"ಒಬ್ಬರ ಕೆಲಸ ಹೋಗುತ್ತೆ."

"ಗೈಡ್ ಭಯ್ಯಾಗೆ ಬೇರೆ ಎಲ್ಲಾದರೂ ಕೆಲಸ ಸಿಗುತ್ತೆ. ನೀನು ಸಿಗಲ್ಲ."

ಅವಳು ಹೇಳಿದ್ದು ಪ್ರೀತಿಯಿಂದಲೇ. ನಾನು ಸಾರಿಗೆ ಒಗ್ಗರಣೆ ಹಾಕಿದೆ.

ನಿಮಗೆ ಒಂದನ್ನು ಹೇಳಲೇಬೇಕು. ನಮ್ಮವರು ಬರೆದ ಆ ನಾಲ್ಕು ಪುಟವನ್ನು ಓದದೆ ಸಹಿ ಮಾಡಿದೆ ಎಂದು ನೀವು ಭಾವಿಸಿದ್ದರೆ ಅದು ತಪ್ಪು. ಸೆಕ್ರೆಟೇರಿಯಟ್ಟಿನಲ್ಲಿ ಇಪ್ಪತ್ತೈದು ವರ್ಷ ಫೈಲು ಓದಿದವಳು ನಾನು. ಪೂರ್ತಿ ಓದಿದೆ. ಎರಡನೆಯ ಪುಟದಲ್ಲಿ ಒಂದು ಕಾಮಾ ಸರಿಯಿರಲಿಲ್ಲ, ಅದನ್ನೂ ತಿದ್ದಿದೆ. ಆಮೇಲೆ ಸಹಿ ಮಾಡಿದೆ.

ಕ್ಷಮಿಸಿ ಎಂದು ಕೇಳುವ ಮುಖವಿಲ್ಲ.

ಇಂದಿರಾ


ಧೋರಾಗಢ
10 ಏಪ್ರಿಲ್ 2025

ಅಕ್ಕನವರೇ,

ಸಿಟ್ಟು ಬಂದಿತ್ತು. ಎರಡು ದಿನ ಗೂಟಗಳ ಮೇಲೆ ತೀರಿಸಿಕೊಂಡೆ. ಬಿಸಿಲು ಏರಿದೆ. ಪ್ರವಾಸಿಗರು ನಿಂತಿದ್ದಾರೆ, ಸೆಪ್ಟೆಂಬರಿನವರೆಗೆ ಡೇರೆಗಳನ್ನು ಮಡಚಿ ಒಳಗಿಡುವ ಕೆಲಸ. ಮರಳಿನಲ್ಲಿ ಬರೀ ಸಾಲುಸಾಲು ತೂತುಗಳು ಉಳಿದಿವೆ.

ವಿಚಾರಣೆಯಲ್ಲಿ ನನ್ನ ಮಾತು ನಾನು ಹೇಳುತ್ತೇನೆ. ಹಗ್ಗ ಇತ್ತು ಎನ್ನುತ್ತೇನೆ. ಅವರು ಹೇಗೆ ದಾಟಿದರು ಎಂದರೆ, ಗೊತ್ತಿಲ್ಲ ಎನ್ನುತ್ತೇನೆ. ನಿಮ್ಮ ಕಾಗದಕ್ಕಾಗಿ ಇನ್ನು ಕೇಳುವುದಿಲ್ಲ.

ಆದರೆ ಒಳಗೆ ಕೂತಾಗ ನಾನು ಒಂದು ಮಾತು ಕೇಳಿದ್ದೆ. ನನ್ನ ನೀರಿನ ಬಾಟಲಿ ಅರ್ಧಕ್ಕೆ ಬಂದಿತ್ತು. ನೀವು ಬಿಸ್ಕತ್ತು ಬೇಡವೆಂದು ಗೋಡೆಗೆ ಒರಗಿದ್ದಿರಿ. "ಸಾಯಾಕ ಬಂದ್ರೇನ್ರಿ ಅಕ್ಕಾರ?" ಎಂದು ಕೇಳಿದೆ. ನೀವು ಕಣ್ಣು ಮುಚ್ಚಿಕೊಂಡಿರಿ. ಉತ್ತರ ಕೊಡಲಿಲ್ಲ.

ಕೆಲಸದ ವಿಚಾರ ಬದಿಗಿಡಿ. ಆ ಒಂದು ಮಾತಿಗೆ ಉತ್ತರ ಬರೆಯಿರಿ. ದೂರಿನ ಮೇಲಿನ ವಿಳಾಸದಲ್ಲಿ ಏಳನೆಯ ಮಹಡಿ ಎಂದಿದೆ, ನೀವು ಈಗ ಅಲ್ಲಿ ಬೀಗದೊಳಗೆ ಒಬ್ಬರೇ ಇದ್ದೀರಿ. ಅದೇ ನನಗೆ ತಡೆಯಲಾಗದ ಭಯವಾಗಿದೆ.

ದೇವೇಂದ್ರಪ್ಪ


ಸರೋಜಿನಿ ನಗರ
19 ಏಪ್ರಿಲ್ 2025

ದೇವೇಂದ್ರಪ್ಪನವರಿಗೆ,

ಇಲ್ಲ. ಸಾಯಲು ಬಂದಿರಲಿಲ್ಲ. ಇದನ್ನು ಮೊದಲು ಓದಿಕೊಂಡು ನೆಮ್ಮದಿಯಾಗಿರಿ. ಮಿಕ್ಕದ್ದನ್ನು ಆಮೇಲೆ ಓದಿ.

ನಾವು ಡೇರೆಯಲ್ಲಿ ಎರಡು ದಿನ ಇದ್ದೆವು. ಎಲ್ಲರೂ ಮರಳಿನ ದಿಬ್ಬದ ಮೇಲೆ ಸೂರ್ಯ ಮುಳುಗುವುದನ್ನು ನೋಡಲು ಹೋದರು. ನಮ್ಮವರು "ಗಾಳಿ ಇದೆ, ನಿನಗೆ ಶೀತ ಆಗುತ್ತೆ" ಎಂದರು. ಕಚೇರಿಗೆ ಅಂಟಿಕೊಂಡ ಡೇರೆಯನ್ನೇ ಕೇಳಿ ತೆಗೆದುಕೊಂಡಿದ್ದರು. ಅದರ ಜಿಪ್ಪನ್ನು ತಾವೇ ಎಳೆದು ಎರಡು ಸಲ ನೋಡಿದರು. ನಾನು ಬಟ್ಟೆಯ ಗೋಡೆಯ ಮೇಲೆ ಬೆಳಕು ಕೆಂಪಾಗಿ, ಕಂದಿಹೋಗುವುದನ್ನು ಕೂತು ನೋಡಿದೆ. ಅಷ್ಟು ದೂರ ರೈಲಿನಲ್ಲಿ ಹೋದದ್ದು ಅದಕ್ಕೆ.

ಗುಹೆಯಲ್ಲಿ ಇಡೀ ಹೊತ್ತು ಅವರು ನನ್ನ ಕೈ ಹಿಡಿದಿದ್ದರು. ನೀವು "ಈಗ ಎಲ್ಲರೂ ದೀಪ ಆರಿಸಿ" ಎಂದಾಗ ಹೆಲ್ಮೆಟ್ಟಿನ ಗುಂಡಿ ಹುಡುಕಲು ಅವರಿಗೆ ಆ ಕೈ ಬೇಕಾಯಿತು. ಬಿಟ್ಟರು. ದೀಪಗಳು ಒಂದೊಂದಾಗಿ ಆರಿದವು. ಆ ಕಂಪನಿಯ ಹುಡುಗಿಯರು ಕಿಸಕ್ಕೆಂದು ನಕ್ಕರು. ಆಮೇಲೆ ಏನೂ ಇಲ್ಲ.

ಆಗ ನನಗೆ ಏನನ್ನಿಸಿತೆಂದು ಈಗಲೂ ಬರೆಯಲು ಬರುತ್ತಿಲ್ಲ. ನಾನು ಎಲ್ಲಿದ್ದೇನೆಂದು ಆ ಕ್ಷಣ ಯಾರಿಗೂ ಗೊತ್ತಿರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ, ಚುಕ್ಕೆ ಇಲ್ಲ. ನಾನು ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟೆ. ಯಾರೂ ಏನೂ ಕೇಳಲಿಲ್ಲ. ಇನ್ನೊಂದು ಇಟ್ಟೆ. ಮೊಣಕಾಲಿಗೆ ಹಗ್ಗ ತಾಗಿತು. ಬಿಗಿಯಾಗಿತ್ತು. ಅದನ್ನು ಕೈಯಲ್ಲಿ ಮುಟ್ಟಿ, ಹಿಡಿದುಕೊಂಡೇ ಕಾಲೆತ್ತಿ ದಾಟಿದೆ. ದೀಪ ಬಂದಾಗ ನಾನು ಒಂದು ಬಂಡೆಯ ಆಚೆ ಇದ್ದೆ. ಅವರು ಕೂಗಿದರು. ನನಗೆ ಚೆನ್ನಾಗಿ ಕೇಳಿಸಿತು. ನಾನು ಓಗೊಡಲಿಲ್ಲ. ಓಗೊಡದೆ ಇನ್ನೂ ಒಳಕ್ಕೆ ತೆವಳಿದೆ. ಸ್ವಲ್ಪ ಹೊತ್ತು, ಬರೀ ಸ್ವಲ್ಪ ಹೊತ್ತು, ಅಲ್ಲಿ ಕೂತಿರಬೇಕೆಂದಿತ್ತು. ಅದಕ್ಕಿಂತ ಮುಂದೆ ನಾನು ಏನನ್ನೂ ಯೋಚಿಸಿರಲಿಲ್ಲ. ನೀವು ಹಿಂದೆ ಬರುತ್ತೀರಿ, ನಿಮ್ಮ ಬೆರಳು ಜಜ್ಜುತ್ತದೆ ಎಂದು ಯೋಚಿಸಿರಲಿಲ್ಲ.

ಇದನ್ನೆಲ್ಲ, ಡೇರೆಯ ಮಾತು ಬಿಟ್ಟು, ಮೊನ್ನೆ ನಿಮ್ಮ ವಿಚಾರಣಾಧಿಕಾರಿಗೆ ಬರೆದಿದ್ದೇನೆ. ಹಗ್ಗ ಕಟ್ಟಿತ್ತು, ಗೈಡ್ ಎಣಿಸಿದ್ದರು, ನಾನೇ ದಾಟಿದೆ, ಹಿಂದಿನ ದೂರು ಸುಳ್ಳು ಎಂದು. ಗಿರಿಜಮ್ಮ ತರಕಾರಿ ಚೀಲದಲ್ಲಿಟ್ಟುಕೊಂಡು ಹೋಗಿ ಸ್ಪೀಡ್ ಪೋಸ್ಟ್ ಮಾಡಿ ಬಂದರು.

ಕದ್ದು ಕಳಿಸಿ ಸುಮ್ಮನಿರಬಾರದೆಂದು ಇವತ್ತು ತಿಂಡಿಯಾದ ಮೇಲೆ ನಮ್ಮವರಿಗೆ ನಕಲನ್ನು ಓದಿ ಹೇಳಿದೆ. ಅವರು ನನಗಾಗಿ ಸೇಬು ಹೆಚ್ಚುತ್ತಿದ್ದರು. ಕೊನೆಯವರೆಗೂ ಹೆಚ್ಚುತ್ತಲೇ ಇದ್ದರು.

"ನಾನು ಕೂಗಿದ್ದು ಕೇಳಿಸ್ತಾ ನಿಂಗೆ?"

"ಕೇಳಿಸ್ತು."

ಚಾಕು ಕೆಳಗಿಟ್ಟರು. ಆಮೇಲೆ, "ನಾನು ನಿಂಗೇನು ಕಮ್ಮಿ ಮಾಡಿದ್ದೆ, ಇಂದೂ?" ಎಂದರು.

ಅವರು ತಟ್ಟೆಯನ್ನು ನನ್ನ ಮುಂದೆ ಸರಿಸಿದರು. "ನಿಂಗೆ ಆರಾಮಿಲ್ಲ. ನೀನೇನೂ ಯೋಚನೆ ಮಾಡ್ಬೇಡ. ನಾನು ನೋಡ್ಕೋತೀನಿ" ಎಂದು ಹೇಳಿ ಎದ್ದು ಹೋದರು.

ಗದರಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಇಂದಿರಾ


ಧೋರಾಗಢ
4 ಮೇ 2025

ಅಕ್ಕನವರೇ,

ಮೊದಲಿಗೆ, ನಿಮ್ಮ ಉತ್ತರ ಬಂದ ದಿನ ಹೊಟ್ಟೆ ತುಂಬ ಊಟ ಮಾಡಿದೆ.

ಇಪ್ಪತ್ತೆಂಟರ ವಿಚಾರಣೆಯ ಸುದ್ದಿ ಹೇಳಬೇಕು. ಸಾಹೇಬರ ಮೇಜಿನ ಮೇಲೆ ನಿಮ್ಮ ಕಾಗದ ಇತ್ತು. ಓದಿದರು. ನನ್ನ ಮುಖ ನೋಡಿದರು. ಆಮೇಲೆ ಅದರ ಕೆಳಗಿನಿಂದ ಇನ್ನೊಂದು ತೆಗೆದರು. ನಿಮ್ಮ ಯಜಮಾನರು ಬರೆದದ್ದು. ನನ್ನ ಹೆಂಡತಿಗೆ ಗುಹೆಯ ಆಘಾತದಿಂದ ಮನಸ್ಸಿನ ಸ್ಥಿಮಿತ ತಪ್ಪಿದೆ, ಆಗದ್ದನ್ನು ಆಗಿದೆ ಎನ್ನುತ್ತಾಳೆ, ಅವಳ ಎರಡನೆಯ ಹೇಳಿಕೆಯನ್ನು ಪರಿಗಣಿಸಬಾರದು ಎಂದು. ಜೊತೆಗೆ ಒಬ್ಬ ವೈದ್ಯರ ಸರ್ಟಿಫಿಕೇಟು, ಏಪ್ರಿಲ್ ಇಪ್ಪತ್ತೆರಡರದು.

ಇಪ್ಪತ್ತೆರಡಕ್ಕೆ ನಿಮ್ಮನ್ನು ಯಾರಾದರೂ ವೈದ್ಯರ ಹತ್ತಿರ ಕರೆದುಕೊಂಡು ಹೋಗಿದ್ದರೇ? ಏನೆಂದು ಹೇಳಿ ಕರೆದುಕೊಂಡು ಹೋದರು?

ನಾನು ಸಾಹೇಬರಿಗೆ ಹೇಳಿದೆ: "ಸಾಬ್, ಆ ಅಮ್ಮನ ಜೊತೆ ಆರೂವರೆ ತಾಸು ಕಲ್ಲಿನೊಳಗೆ ಕೂತವನು ನಾನು. ಹೊರಗಿನವರು ಕೂಗಾಡುವಾಗ ಆಕೆ ನನ್ನ ಕೈಗೆ ತನ್ನ ದುಪಟ್ಟಾ ಹರಿದು ಕಟ್ಟಿದರು. ಅವರ ಬುದ್ಧಿ ನೆಟ್ಟಗಿದೆ." ಅದಕ್ಕೆ ಅವರು, "ನಿನ್ನ ಮಾತು ಪುರಾವೆ ಆಗುವುದಿಲ್ಲ. ಕಾಗದ ಎರಡಾಗಿವೆ. ಆಕೆಯೇ ಬಂದು ನನ್ನ ಎದುರು ಹೇಳಲಿ" ಎಂದು ಜುಲೈ ನಾಲ್ಕಕ್ಕೆ ಮತ್ತೆ ದಿನ ಇಟ್ಟರು.

ಬನ್ನಿ ಎಂದು ನಾನು ಕರೆಯುವುದಿಲ್ಲ. ನಿಮ್ಮ ಬೀಗದ ಆಚೆಯಿಂದ ಕರೆಯುವುದು ಸುಲಭ.

ದೇವೇಂದ್ರಪ್ಪ


ಧೋರಾಗಢ
2 ಜೂನ್ 2025

ಅಕ್ಕನವರೇ,

ಒಂದು ತಿಂಗಳಾಯಿತು. ಏನಾದರೂ ಬರೆಯಿರಿ. ಬರೆಯಲಾಗದಿದ್ದರೆ ಗಿರಿಜಮ್ಮನವರ ಕೈಯಲ್ಲಿ ಖಾಲಿ ಲಕೋಟೆಯನ್ನಾದರೂ ಹಾಕಿಸಿ. ಇದ್ದೀರಿ ಎಂದುಕೊಳ್ಳುತ್ತೇನೆ.

ದೇವೇಂದ್ರಪ್ಪ


ಮುನಿರ್ಕಾ, ಹೊಸದಿಲ್ಲಿ
21 ಜೂನ್ 2025

ದೇವೇಂದ್ರಪ್ಪ ಅಂಕಲ್‌ಗೆ ನಮಸ್ತೆ.

ನಾನು ಹರಿಣಿ, ಇಂದಿರಾ ಅವರ ಮಗಳು. ನನ್ನ ಕನ್ನಡ ಬರವಣಿಗೆ ತುಂಬಾ ಖರಾಬ್. ಗಿರಿಜಾ ಆಂಟಿ ಇಲ್ಲಿಗೇ ಬಂದು ಪಕ್ಕದಲ್ಲಿ ಕೂತು ತಿದ್ದುತ್ತಾ ಇದ್ದಾರೆ. ಅಮ್ಮ ಇಲ್ಲೇ ಇದ್ದಾರೆ, ಮಲಗಿದ್ದಾರೆ. ಚೆನ್ನಾಗಿದ್ದಾರೆ. ಅದನ್ನೇ ಮೊದಲು ಹೇಳು ಅಂತ ಆಂಟಿ ಹೇಳಿದರು.

ಮೇ ತಿಂಗಳು ಪೂರ್ತಿ ಪಾಪಾ ರಜೆ ಹಾಕಿ ಮನೆಯಲ್ಲೇ ಇದ್ದರು. ನಿಮ್ಮ ಎರಡು ಲೆಟರ್ ಆಂಟಿ ಹತ್ತಿರವೇ ಉಳಿದವು. ಅಮ್ಮನಿಗೆ ಹೊಸ ಮಾತ್ರೆ ಶುರುವಾಗಿತ್ತು. ನಾನು ಭಾನುವಾರ ಬಂದಾಗೆಲ್ಲ ಅಮ್ಮ ಸೋಫಾ ಮೇಲೆ ನಿದ್ದೆ. ಪಾಪಾ "ಶೀ ಈಸ್ ಇಂಪ್ರೂವಿಂಗ್" ಅಂತಿದ್ದರು. ನಾನು ನಂಬಿದೆ. ಅದು ನನ್ನ ತಪ್ಪು.

ಹೋದ ಮಂಗಳವಾರ ಪರೀಕ್ಷೆ ಮುಗೀತು, ಹೇಳದೆ ಮಧ್ಯಾಹ್ನ ಮನೆಗೆ ಹೋದೆ. ಪಾಪಾ ಮತ್ತೆ ಆಫೀಸಿಗೆ ಹೋಗಲು ಶುರು ಮಾಡಿದ್ದರು. ಜಾಲಿಗೆ ಹೊರಗಿನಿಂದ ಬೀಗ. ಭಾನುವಾರ ಮಾತ್ರ ಬರುತ್ತಿದ್ದವಳಿಗೆ ಆ ಬೀಗ ಯಾವತ್ತೂ ಕಂಡಿರಲಿಲ್ಲ, ಅಂಕಲ್. ಗಿರಿಜಾ ಆಂಟಿ ಸಂದಿಯಿಂದ ಅಮ್ಮನಿಗೆ ನಿಮ್ಮ ಲೆಟರ್ ಕೊಡ್ತಾ ಇದ್ದರು. ಅಮ್ಮ ನನ್ನನ್ನು ನೋಡಿ ಗಾಬರಿ ಆಗಲಿಲ್ಲ. ತುಂಬಾ ನಾರ್ಮಲ್ ಆಗಿ ಹೇಳಿದರು, "ಹರಿಣಿ, ಸಂಜೆ ಬಾಮ್ಮಾ. ಪಾಪಾ ಆರೂವರೆಗೆ ಬರ್ತಾರೆ, ಆಗ ತೆಗೀಬಹುದು." ಗೆಸ್ಟ್‌ಗೆ ಹೇಳೋ ಥರ.

ನಾನು ಮೆಟ್ಟಿಲ ಮೇಲೆ ಕೂತು ಆಂಟಿ ಹತ್ತಿರ ಇದ್ದ ನಿಮ್ಮ ಎಲ್ಲಾ ಲೆಟರನ್ನೂ ಅವರ ಕೈಯಲ್ಲಿ ಓದಿಸಿಕೊಂಡೆ. ಆಮೇಲೆ ಕೆಳಗೆ ಹೋಗಿ ಮಾರ್ಕೆಟ್ಟಿನಿಂದ ಬೀಗ ತೆಗೆಯೋ ಚಾವಿವಾಲಾ ಭಯ್ಯಾನನ್ನು ಕರೆದುಕೊಂಡು ಬಂದೆ. ಅವನು "ಘರ್ ಕಿಸ್ಕಾ ಹೈ?", ಮನೆ ಯಾರದು ಅಂತ ಕೇಳಿದ. ನಾನು ಬಾಯಿ ತೆಗೆಯೋ ಮೊದಲು ಒಳಗಿನಿಂದ ಅಮ್ಮ ಹೇಳಿದರು, "ಮೇರಾ ಹೈ. ಖೋಲ್ ದೋ." ನನ್ನದು, ತೆಗಿ ಅಂತ.

ಐದು ನಿಮಿಷ ಆಯ್ತು. ಬಾಗಿಲು ತೆಗೆದ ಮೇಲೂ ಅಮ್ಮ ಹೊಸ್ತಿಲ ಹತ್ತಿರ ನಿಂತೇ ಇದ್ದರು. ನಾನು ಕೈ ಚಾಚಿದೆ. ಅಮ್ಮ ಹಿಡಿಯಲಿಲ್ಲ. ತಾವೇ ಬಂದರು.

ಪಾಪಾ ಆ ದಿನ ಸಂಜೆ ಇಲ್ಲಿಗೆ ಬಂದರು. ತುಂಬಾ ಅತ್ತರು. ನಾನು ಪಾಪಾನ ಆ ಥರ ನೋಡಿರಲಿಲ್ಲ. ಅಮ್ಮ ಒಳಗಿನ ರೂಮಿನಿಂದ ಬರಲಿಲ್ಲ. ಬೇರೆ ಡಾಕ್ಟರ್‌ಗೆ ತೋರಿಸಿದೆವು, ಆ ಮಾತ್ರೆಗಳನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡ್ತಾ ಇದ್ದಾರೆ.

ನಾವು ಜುಲೈ ಮೂರಕ್ಕೆ ಜೈಸಲ್ಮೇರ್ ತಲುಪ್ತೀವಿ. ಅಲ್ಲಿಂದ ಜೀಪ್ ಸಿಗುತ್ತಾ? ಗೈಡ್ ಭಯ್ಯಾಗೆ ಬೇರೆ ಕೆಲಸ ಸಿಗುತ್ತೆ ಅಂತ ನಾನು ಒಂದು ಸಲ ಹೇಳಿದ್ದೆ. ಅಮ್ಮ ಅದನ್ನು ನಿಮಗೆ ಬರೆದಿದ್ದಾರಂತೆ. ಸಾರಿ ಅಂಕಲ್. ಎದುರಿಗೆ ಬಂದು ಸರಿಯಾಗಿ ಹೇಳ್ತೀನಿ.

ಹರಿಣಿ


ಧೋರಾಗಢ ಮರುಭೂಮಿ ಉದ್ಯಾನ
5 ಜುಲೈ 2025

ರಘು ಅವರಿಗೆ,

ಇದು ನಾನು ನಿಮಗೆ ಬರೆಯುತ್ತಿರುವ ಮೊದಲ ಕಾಗದ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷದಲ್ಲಿ ಕಾಗದ ಬರೆಯುವಷ್ಟು ದೂರ ನಾವು ಎಂದೂ ಇರಲಿಲ್ಲ.

ನಿನ್ನೆ ವಿಚಾರಣೆಯಾಯಿತು. ಅಧಿಕಾರಿ ನಿಮ್ಮ ಕಾಗದವನ್ನೂ ಸರ್ಟಿಫಿಕೇಟನ್ನೂ ನನ್ನ ಮುಂದಿಟ್ಟು, "ಇದರ ಬಗ್ಗೆ ಏನು ಹೇಳುತ್ತೀರಿ?" ಎಂದರು. ವೈದ್ಯರ ಬಳಿಗೆ ನನ್ನನ್ನು ಬಿ.ಪಿ. ನೋಡಿಸಲು ಎಂದು ಕರೆದುಕೊಂಡು ಹೋದದ್ದನ್ನು ಹೇಳಿದೆ. ಒಂದು ಗಂಟೆ ಪ್ರಶ್ನೆ ಕೇಳಿದರು. ಇವತ್ತಿನ ತಾರೀಖು ಯಾವುದು, ಯಾವ ಆಫೀಸು, ಎಷ್ಟು ವರ್ಷದ ಸರ್ವಿಸು ಎಂದೆಲ್ಲ ಕೇಳುವಾಗ ಅವರಿಗೇ ಸಂಕೋಚವಾಗುತ್ತಿತ್ತು. ಆಮೇಲೆ ಸ್ಥಳ ತೋರಿಸಲು ಆಗುತ್ತದೆಯೇ ಎಂದರು. ಆಗುತ್ತದೆ ಎಂದೆ.

ಗುಹೆಯ ಬಾಯಿಯಲ್ಲಿ ಹೆಲ್ಮೆಟ್ ಕಟ್ಟಿಕೊಂಡು ಒಳಗೆ ಹೋದೆ. ಅರ್ಧ ದಾರಿಯಲ್ಲಿ ಒಮ್ಮೆ ವಾಂತಿಯಾಯಿತು. ದೇವೇಂದ್ರಪ್ಪನವರು "ಸಾಕು ಬಿಡ್ರಿ, ತಿರುಗಿ ಹೋಗೋಣು" ಎಂದರು. ನಾನು ಹೋಗಿ, ಎಲ್ಲಿ ನಿಂತಿದ್ದೆ, ಹೇಗೆ ದಾಟಿದೆ ಎಂದು ತೋರಿಸಿಯೇ ಬಂದೆ. ಅಧಿಕಾರಿ ಎಲ್ಲವನ್ನೂ ಬರೆದುಕೊಂಡರು. ದೇವೇಂದ್ರಪ್ಪನವರ ಮೇಲಿನ ದೂರು ವಜಾ ಆಗಿದೆ. ಸೆಪ್ಟೆಂಬರಿನಲ್ಲಿ ಪ್ರವಾಸಿಗರು ಬರುವಾಗ ಅವರೇ ಮತ್ತೆ ಒಳಗೆ ಕರೆದೊಯ್ಯುತ್ತಾರೆ. ನನಗೆ ಮಾತ್ರ ಈ ಉದ್ಯಾನದ ಗುಹೆಗಳಿಗೆ ಇನ್ನು ಪ್ರವೇಶವಿಲ್ಲವೆಂದು ಆಜ್ಞೆಯಾಗಿದೆ. ಅದಕ್ಕೂ ಸಹಿ ಮಾಡಿದೆ. ಹರಿಣಿ ನಕ್ಕಳು. ನನಗೂ ನಗು ಬಂತು.

ನಾನು ನಿಂಗೇನು ಕಮ್ಮಿ ಮಾಡಿದ್ದೆ ಎಂದು ನೀವು ಕೇಳಿದಿರಿ. ಅಂದಿನಿಂದ ಅದಕ್ಕೆ ಉತ್ತರ ಹುಡುಕುತ್ತಿದ್ದೇನೆ. ಏನೂ ಕಮ್ಮಿ ಮಾಡಿಲ್ಲ. ನನ್ನ ಬದಲಿಗೆ ರಜೆ ಬರೆದಿರಿ, ದೂರು ಬರೆದಿರಿ, ಕೊನೆಗೆ ನನ್ನ ಬುದ್ಧಿ ಸರಿಯಿದೆಯೇ ಇಲ್ಲವೇ ಎಂಬುದನ್ನೂ ನೀವೇ ಬರೆದಿರಿ. ನಾನು ಮಾಡಬೇಕಾದ್ದು ಒಂದೂ ಉಳಿದಿರಲಿಲ್ಲ. ನಾನೂ ಎಂದೂ ಬೇಡ ಎನ್ನಲಿಲ್ಲ. ನೀವು ಕೂಗಿದಾಗ ಓಗೊಡದೇ ಹೋದದ್ದು ಬೇಡ ಎನ್ನುವ ರೀತಿಯಲ್ಲ. ಅದು ನನ್ನ ತಪ್ಪು. ಆ ಆರೂವರೆ ಗಂಟೆ ನೀವು ಹೊರಗೆ ಹೇಗೆ ಇದ್ದಿರಿ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಕಲ್ಲುಗಳನ್ನು ಬರಿಗೈಯಿಂದ ತೆಗೆಯಲು ಹೋಗಿದ್ದಿರಂತೆ, ನಾಲ್ವರು ಹಿಡಿದುಕೊಳ್ಳಬೇಕಾಯಿತಂತೆ. ಇಲ್ಲಿಯವರು ನಿನ್ನೆ ಹೇಳಿದರು.

ಅದನ್ನು ಕೇಳಿ ಅತ್ತುಬಿಟ್ಟೆ. ಆದರೂ ಆ ಮನೆಗೆ ನಾನು ಈಗ ಬರುವುದಿಲ್ಲ. ಮುಂದೆ ಬರುತ್ತೇನೆಯೋ ಇಲ್ಲವೋ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಸದ್ಯಕ್ಕೆ ಹರಿಣಿಯ ರೂಮಿನಲ್ಲಿರುತ್ತೇನೆ. ರಜೆ ರದ್ದು ಮಾಡಿ ಹದಿನಾಲ್ಕರ ಸೋಮವಾರ ಡ್ಯೂಟಿಗೆ ಹಾಜರಾಗುತ್ತೇನೆ. ಬಿಡಲು ಬರಬೇಡಿ, ಕರೆಯಲೂ ಬರಬೇಡಿ. ಮುನಿರ್ಕಾದಿಂದ ಬಸ್ಸಿದೆ.

ಮಾತಾಡಬೇಕೆನಿಸಿದರೆ ಮಧ್ಯಾಹ್ನ ಒಂದೂವರೆಗೆ ನಮ್ಮ ಆಫೀಸಿನ ಕ್ಯಾಂಟೀನಿಗೆ ಬನ್ನಿ. ನೀವು ಬಂದರೆ ಜೊತೆಗೆ ಊಟ ಮಾಡೋಣ. ಬರದಿದ್ದರೆ ನಾನು ಊಟ ಮುಗಿಸಿ, ತಟ್ಟೆ ಇಟ್ಟು, ಕೆಲಸಕ್ಕೆ ಹೋಗಿರುತ್ತೇನೆ.

ಇಂದಿರಾ